ಪಕ್ಷಿ ಎಣಿಕೆಗೆ ಬಹುಮಾನ ಇಡಬೇಕೇ?

ನಿಮ್ಮ ಪಕ್ಷಿವೀಕ್ಷಕರ ಗುಂಪಿನಲ್ಲಿ ಅರವತ್ತು ಜನ, ಇ-ಬರ್ಡ್‌ಗೆ (ನೋಡಿದ ಹಕ್ಕಿಗಳನ್ನು ದಾಖಲಿಸುವ ಆನ್‌ಲೈನ್ ತಾಣ) ಪಟ್ಟಿ ಹಾಕುವವರು ಐದೇ ಜನ, ಉಳಿದವರಿಗೆ ಯಾವ ಬಹುಮಾನ ಇಡೋಣ ಅಂತ ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ನಾವು ಇಟ್ಟು ನೋಡಿದ್ದೇವೆ.

ನಮ್ಮದು ತಿಪಟೂರು ಕಡೆಯ ಗುಂಪು. ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಎಲ್ಲರೂ ಸೇರಿ ಮಾಡುವ ನಾಲ್ಕು ದಿನದ ಹಕ್ಕಿ ಎಣಿಕೆ ಇರುತ್ತಲ್ಲ, ಅದಕ್ಕೆ ಮುಂಚೆ ನಾನೇ ಘೋಷಿಸಿದೆ: ಅತಿ ಹೆಚ್ಚು ಜಾತಿಯ ಹಕ್ಕಿ ದಾಖಲಿಸಿದವರಿಗೆ ಬೈನಾಕ್ಯುಲರ್. ಪಟ್ಟಿಗಳು ಸುರಿದವು. ಆಮೇಲೆ ಕೂತು ನೋಡಿದರೆ ಎಷ್ಟೋ ಪಟ್ಟಿಗಳಲ್ಲಿ ಕಾಗೆಯೇ ಇಲ್ಲ! ತೆಂಗಿನ ತೋಟಕ್ಕೆ ಹೋಗಿ ಕಾಗೆ ನೋಡದೆ ಬರೋಕಾಗುತ್ತಾ? ಮೊದಲ ಪಟ್ಟಿಯಲ್ಲಿ ಬರೆದ ಕಾಗೆಯನ್ನು ಮತ್ತೆ ಬರೆದರೆ ಜಾತಿಯ ಲೆಕ್ಕ ಏರುವುದಿಲ್ಲ. ಹಾಗಾಗಿ ಬಿಟ್ಟಿದ್ದರು.

ಇದರಿಂದ ಏನಾಯಿತು ಅಂತ ಬಿಡಿಸಿಯೇ ಹೇಳುತ್ತೇನೆ. ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಅಂತ ಇ-ಬರ್ಡ್ ಕೊನೆಗೆ ಕೇಳುತ್ತದೆ. 'ಹೌದು' ಒತ್ತಿದರೆ ಅದು ಪೂರ್ಣ ಪಟ್ಟಿ. ಅದರಲ್ಲಿ ಇಲ್ಲದ ಹಕ್ಕಿ ಅಂದರೆ ಅಲ್ಲಿ ಕಾಣದ ಹಕ್ಕಿ. ನೂರು ಪೂರ್ಣ ಪಟ್ಟಿಗಳಲ್ಲಿ ಒಂದು ಹಕ್ಕಿ ಎಷ್ಟರಲ್ಲಿದೆ ಅಂತ ವರ್ಷ ವರ್ಷ ಹೋಲಿಸಿ ನೋಡಿದಾಗಲೇ ಅದು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ತಿಳಿಯುವುದು. ನಮ್ಮವರು ಕಾಗೆ ಬಿಟ್ಟು 'ಹೌದು' ಒತ್ತಿದ್ದರು. ಅಂದರೆ ನಮ್ಮೂರಲ್ಲಿ ಕಾಗೆ ಕಾಣಲಿಲ್ಲ ಅಂತ ಬರೆದುಕೊಟ್ಟ ಹಾಗೆ. 'ಇಲ್ಲ' ಒತ್ತಿದವರ ಪಟ್ಟಿ ಈ ಲೆಕ್ಕಕ್ಕೇ ಬರುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ತಿದ್ದಿಸಬೇಕಾಯಿತು.

ಅದು ಹೋಗಲಿ. ದಿನಾ ತಾರಸಿಯಲ್ಲಿ ಹದಿನೈದು ನಿಮಿಷ ಹಕ್ಕಿ ಎಣಿಸುತ್ತಿದ್ದ ನಿವೃತ್ತ ಮೇಡಂ ಒಬ್ಬರಿದ್ದರು. "ನನಗೆ ಬರೀ ಗೊರವಂಕ, ಪಿಕಳಾರ ಕಾಣೋದು, ನನ್ನ ಪಟ್ಟಿ ಯಾರಿಗೆ ಬೇಕಪ್ಪಾ" ಅಂತ ನಿಲ್ಲಿಸಿಯೇಬಿಟ್ಟರು. ಒಂದೇ ಜಾಗದಿಂದ ಬಿಡದೆ ಎಣಿಸುವವರು ಎಲ್ಲಿ ಸಿಗುತ್ತಾರೆ ಹೇಳಿ! ನನಗೆ ಇವತ್ತಿಗೂ ಬೇಜಾರಿರುವುದು ಇದಕ್ಕೇ.

ದೇಶದ ಹಕ್ಕಿಗಳ ಸ್ಥಿತಿಗತಿ ಹೇಳುವ 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿಗೆ 30,000ಕ್ಕೂ ಹೆಚ್ಚು ಹವ್ಯಾಸಿಗಳ ಸುಮಾರು 3 ಕೋಟಿ ದಾಖಲೆಗಳು ಬಳಕೆಯಾದವು. ನಮ್ಮ ರಾಜ್ಯಪಕ್ಷಿ ನೀಲಕಂಠ ತೀರಾ ಕಡಿಮೆಯಾಗುತ್ತಿದೆ ಅಂತ ಗೊತ್ತಾಗಿದ್ದು ಅದರಿಂದಲೇ. ಕರೆಂಟ್ ತಂತಿ ಮೇಲೆ ಕೂರುವ, ಯಾರೂ ಅಪರೂಪ ಅಂದುಕೊಳ್ಳದ ಹಕ್ಕಿ ಅದು. ಸಾಮಾನ್ಯ ಹಕ್ಕಿಯ ಪಟ್ಟಿಯೂ ಬೇಕು ಅನ್ನುವುದು ಇದಕ್ಕೇ. ಮೇಡಂಗೆ ನಾನು ಮೊದಲ ದಿನವೇ ಹೇಳಬೇಕಾಗಿದ್ದದ್ದು ಇದನ್ನೇ. ನೀವೂ ನಿಮ್ಮವರಿಗೆ ಇದನ್ನೇ ಹೇಳಿ.

ಕೆಲವೇ ಜನ ಪಟ್ಟಿ ಹಾಕುವುದು ಎಲ್ಲ ಕಡೆ ಇರುವುದೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಉಳಿದವರು ಸೋಮಾರಿಗಳಲ್ಲ. ಹೆಸರು ತಪ್ಪಾದರೆ ಅನ್ನುವ ಹೆದರಿಕೆ ತುಂಬಾ ಜನಕ್ಕಿರುತ್ತದೆ. ಅಪರೂಪದ ಹಕ್ಕಿ ಹಾಕಿದಾಗ ಇ-ಬರ್ಡ್‌ನ ಪರಿಶೀಲಕರು ವಿವರ ಕೇಳಿ ಮೇಲ್ ಕಳಿಸುತ್ತಾರೆ, ಹೊಸಬರಿಗೆ ಅದು ಬೈದ ಹಾಗೆ ಅನ್ನಿಸುತ್ತದೆ. ಮೊದಲೇ ತಿಳಿಸಿಡಿ. ಅವರ ಜೊತೆ ಕೂತು ಮೊದಲ ಪಟ್ಟಿ ಹಾಕಿಸಿ.

ಬೈನಾಕ್ಯುಲರ್‌ಗೆ ದುಡ್ಡಿದ್ದರೆ ಖಂಡಿತ ಕೊಳ್ಳಿ. ಗುಂಪಿನ ಹೆಸರಲ್ಲೇ ಇರಲಿ. ಇನ್ನೂ ಒಂದೂ ಪಟ್ಟಿ ಹಾಕದವರಿಗೆ ಒಂದೊಂದು ವಾರ ಕೊಡಿ.