ರಿಂಗ್ ಲೈಟ್ ಬಿಚ್ಚಿಡಿ, ಮ್ಯಾಗ್ನೆಟ್ ಕೆಳಗಿಡಿ

ಸರ್, ನೀವು ಗುಂಪಿನಲ್ಲಿ ಹಾಕಿದ ಮೂರು ಫೆರೋಫ್ಲೂಯಿಡ್ ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. (ಗೊತ್ತಿಲ್ಲದವರಿಗೆ: ಕಬ್ಬಿಣದ ಅಂಶದ ಅತಿ ಸಣ್ಣ ಕಣ ತೇಲುವ ಎಣ್ಣೆ ಇದು, ಮ್ಯಾಗ್ನೆಟ್ ಹತ್ತಿರ ಬಂದರೆ ಮುಳ್ಳು ಮುಳ್ಳಾಗಿ ಏಳುತ್ತದೆ.) "ಮುಳ್ಳಿನಲ್ಲಿ ಡಿಟೇಲ್ ಇಲ್ಲ, ಐಎಸ್ಓ ಏರಿಸಲಾ?" ಅಂತ ಕೇಳಿದ್ದೀರಿ. ಐಎಸ್ಓ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಮುಟ್ಟಬೇಡಿ, 100ರಲ್ಲೇ ಇರಲಿ. ಪ್ರತಿ ಮುಳ್ಳಿನ ಮೇಲೂ ಒಂದೊಂದು ಬಿಳಿ ಬಳೆ ಕಾಣುತ್ತಿದೆ ಅಲ್ವಾ? ಅದು ನಿಮ್ಮ ರಿಂಗ್ ಲೈಟ್. ಈ ದ್ರವ ಕಪ್ಪು ಕನ್ನಡಿ ಇದ್ದ ಹಾಗೆ, ಸುತ್ತ ಏನಿದೆಯೋ ಅದನ್ನೇ ತೋರಿಸುತ್ತದೆ. ಒಂದು ಫೋಟೊದಲ್ಲಿ ನಿಮ್ಮ ಟ್ಯೂಬ್‌ಲೈಟ್ ಕೂಡ ಇದೆ.

ಅದಕ್ಕಿಂತ ನನಗೆ ಗಾಬರಿಯಾಗಿದ್ದು ಎರಡನೇ ಫೋಟೊ. ಮ್ಯಾಗ್ನೆಟ್ಟನ್ನು ಕೈಯಲ್ಲಿ ಹಿಡಿದು ಮೇಲಿನಿಂದ ತರುತ್ತಿದ್ದೀರಿ. ಅಯ್ಯೋ, ಬೇಡ! ನಾನೂ ಶುರುವಿನಲ್ಲಿ ಹೀಗೇ ಮಾಡಿದ್ದೆ. ಮುಳ್ಳು ಇನ್ನೂ ಸ್ವಲ್ಪ ಉದ್ದ ಬರಲಿ ಅಂತ ಎರಡು ಮಿಲಿಮೀಟರ್ ಕೆಳಗಿಳಿಸಿದೆ ಅಷ್ಟೇ. ತಟ್ಟೆಯಲ್ಲಿದ್ದದ್ದೆಲ್ಲ ಒಂದೇ ನೆಗೆತಕ್ಕೆ ಮ್ಯಾಗ್ನೆಟ್ಟಿಗೆ ಅಂಟಿತು. ಟಿಶ್ಯೂ ಹಾಕಿ ಒರೆಸಿದರೆ ಇನ್ನೊಂದು ಕಡೆಗೆ ಜಾರುತ್ತದೆಯೇ ಹೊರತು ಬಿಡುವುದಿಲ್ಲ. ಬೆರಳಿನ ಸಂದಿಯ ಕಂದು ಕಲೆ ವಾರ ಇತ್ತು, ಟೇಬಲ್ ಬಟ್ಟೆಯದು ಇವತ್ತಿಗೂ ಇದೆ. 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಈ ದ್ರವವನ್ನು ಮಾಡಿದ್ದೇ ತೂಕವಿಲ್ಲದ ಕಡೆ ರಾಕೆಟ್ ಇಂಧನವನ್ನು ಮ್ಯಾಗ್ನೆಟ್ಟಿನಿಂದ ಎಳೆಯೋಕೆ. ಕರೆದರೆ ಬರಲಿ ಅಂತಲೇ ಹುಟ್ಟಿದ ದ್ರವ, ಕರೆದಿರಿ, ಬಂತು.

ಮ್ಯಾಗ್ನೆಟ್ ಯಾವಾಗಲೂ ಗಾಜಿನ ಕೆಳಗೇ ಇರಬೇಕು, ಅದೂ ಜಿಪ್ ಕವರಿನೊಳಗೆ. ಅಕಸ್ಮಾತ್ ಅಂಟಿದರೂ ಮ್ಯಾಗ್ನೆಟ್ ಹೊರಗೆ ತೆಗೆದರೆ ಸಾಕು, ದ್ರವ ಕವರಿನ ಮೇಲೆ ಉಳಿಯುತ್ತದೆ.

ನಾನು ಮಾಡುವುದು ಹೀಗೆ. ಗಾಜಿನ ಪೆಟ್ರಿ ತಟ್ಟೆಯನ್ನು ಎರಡು ಮರದ ತುಂಡುಗಳ ಮೇಲೆ ಇಡುತ್ತೇನೆ. ದ್ರವ 3-4 ಎಂಎಲ್ ಸಾಕು. ಕೆಳಗೆ ಮ್ಯಾಗ್ನೆಟ್, ಅದರಡಿ ಹಳೇ ಇಸ್ಪೀಟು ಎಲೆಗಳು. ಒಂದೊಂದೇ ಎಲೆ ಸೇರಿಸಿ ಮ್ಯಾಗ್ನೆಟ್ ಏರಿಸುತ್ತಾ ಹೋಗಿ. ಮೊದಲು ದ್ರವ ಸುಮ್ನೆ ದಿಬ್ಬದ ಹಾಗೆ ಉಬ್ಬುತ್ತದೆ. ಇನ್ನೆರಡು ಎಲೆ ಸೇರಿಸಿದರೆ ತಟಕ್ಕನೆ ಮುಳ್ಳು ಏಳುತ್ತದೆ. ಮೇಲ್ಮೈ ಬಿಗಿತವನ್ನೂ ಸ್ವಂತ ಭಾರವನ್ನೂ ಮ್ಯಾಗ್ನೆಟ್ಟಿನ ಸೆಳೆತ ಮೀರುವ ಜಾಗ ಅದು. ಅಲ್ಲಿ ಮುಳ್ಳು ಕಡಿಮೆ, ಆದರೆ ದಪ್ಪ, ನುಣುಪು. ಇನ್ನೂ ಹತ್ತಿರ ತಂದರೆ ಸಣ್ಣ ಸಣ್ಣದು ಒತ್ತಾಗಿ ಏಳುತ್ತದೆ, ಹಲಸಿನ ಕಾಯಿ ಸಿಪ್ಪೆ ತರಹ. ನನಗೆ ಮೊದಲನೆಯದೇ ಇಷ್ಟ.

ಬೆಳಕಿಗೆ ತಟ್ಟೆಯ ಸುತ್ತ ಬಟರ್ ಪೇಪರಿನ ಗುಡಾರ ಕಟ್ಟಿ, ಒಂದೇ ಪಕ್ಕದಿಂದ ಎಲ್‌ಇಡಿ ಬಿಡಿ. ಆಗ ಮುಳ್ಳಿನ ಒಂದು ಮೈ ಹಾಲು ಬಿಳಿ, ಇನ್ನೊಂದು ಮೈ ಕಡುಗಪ್ಪು. ಎದುರು ಕಡೆ ನೀಲಿ ಕಾಗದ ನಿಲ್ಲಿಸಿದರೆ ಬಣ್ಣ ಸುಮ್ನೆ ಬರುತ್ತದೆ, ಎಡಿಟಿಂಗ್ ಬೇಡ. ಹ್ಯಾಲೊಜನ್ ಮಾತ್ರ ಬೇಡ. ಕಾವಿಗೆ ಎಣ್ಣೆ ಆರಿ ನನ್ನ ಒಂದು ಬಾಟಲಿ ಗಸಿಯಾಗಿಹೋಯಿತು.

ಎಫ್ 22 ಹಾಕಿದ್ದೀರಲ್ಲ, ಯಾಕೆ? ಎಫ್ ಸಂಖ್ಯೆ ಏರಿದಷ್ಟೂ ಲೆನ್ಸಿನ ಕಿಂಡಿ ಕಿರಿದು, ತೀರಾ ಕಿರಿದಾದರೆ ಚಿತ್ರ ಮಸುಕು. 1:1ರಲ್ಲಿ, ಅಂದರೆ ವಸ್ತು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಾಗ, ಎಫ್ 8 ಅಂದರೇ ಎಫ್ 16ರ ಹಾಗೆ ನಡೆಯುತ್ತದೆ. ಎಫ್ 5.6ರಲ್ಲಿ ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ 20-30 ಫ್ರೇಮ್ ತೆಗೆದು ಸ್ಟ್ಯಾಕ್ ಮಾಡಿ, ಅಂದರೆ ಒಂದೇ ಚಿತ್ರವಾಗಿ ಸೇರಿಸಿ. ಹಾಗೆ ಸೇರಿಸುವ ಸಾಫ್ಟ್‌ವೇರ್‌ಗಳಲ್ಲಿ, ಹೊಳೆಯುವ ಅಂಚಿಗೆ ಹೆಲಿಕಾನ್‌ಗಿಂತ ಜೆರೀನ್ ನನಗೆ ಹಿಡಿಸಿತು, ಜಗಳ ಬೇಡ. ಸ್ಟ್ಯಾಕ್ ಮುಗಿಯುವ ತನಕ ಫ್ಯಾನ್ ಆಫ್ ಮಾಡಿ, ಎದ್ದು ಓಡಾಡಬೇಡಿ, ಮುಳ್ಳು ನಡುಗುತ್ತದೆ.

ನಿಮ್ಮ ರೇನಾಕ್ಸ್ 250 (ಲೆನ್ಸಿನ ಮುಂದೆ ಸಿಕ್ಕಿಸುವ ಕ್ಲೋಸಪ್ ಗಾಜು) ಒಳ್ಳೆಯದೇ, ಎದುರಿಗೆ ಸುಮಾರು 12 ಸೆಂಟಿಮೀಟರ್ ಜಾಗ ಬಿಡುತ್ತದೆ. ಅದರ ಬದಲು ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ ಲೆನ್ಸನ್ನು ತೀರಾ ಹತ್ತಿರ ತಂದರೆ ಲೆನ್ಸಿನ ಮುಖವೇ ಫೋಟೊದಲ್ಲಿ ಬೀಳುತ್ತದೆ.

ಇದೇ ಚರ್ಚೆಯಲ್ಲಿ ಮೇಲೆ ಯಾರೋ, ಈ ದ್ರವ ಕೊಳ್ಳುವ ಬದಲು ಪ್ರಿಂಟರ್ ಟೋನರ್ (ಮುದ್ರಣದ ಪುಡಿ) ಮತ್ತು ಅಡುಗೆ ಎಣ್ಣೆ ಕಲಸಿ ಅಂದಿದ್ದಾರೆ. ದಯವಿಟ್ಟು ಬೇಡ. ಅಸಲಿ ದ್ರವದ ಕಣ ಸುಮಾರು 10 ನ್ಯಾನೊಮೀಟರ್, ಟೋನರ್ ಪುಡಿ ಅದರ ನೂರಾರು ಪಟ್ಟು ದಪ್ಪ. ತಳಕ್ಕೆ ಕೂರುತ್ತದೆ, ಮುಳ್ಳಿನ ಬದಲು ಕಂಬಳಿಹುಳದ ಕೂದಲು ಬರುತ್ತದೆ. ಎಲ್ಲ ಟೋನರಿನಲ್ಲೂ ಕಬ್ಬಿಣದ ಅಂಶ ಇರುವುದೂ ಇಲ್ಲ.

ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಆ ಮ್ಯಾಗ್ನೆಟ್ಟನ್ನು ಅವರ ಹತ್ತಿರ ತರಲೇಬೇಡಿ. ಇಂಥ ಬಲವಾದ ನಿಯೋಡಿಮಿಯಂ ಮ್ಯಾಗ್ನೆಟ್ ಎರಡನ್ನು ಒಟ್ಟಿಗೆ ಇಟ್ಟರೆ ನಡುವೆ ಬೆರಳು ಸಿಕ್ಕಿಕೊಳ್ಳುತ್ತದೆ, ಒಡೆದರೆ ಚೂರು ಕಣ್ಣಿಗೆ ಹಾರುತ್ತದೆ.

ನಿಮ್ಮ ಮ್ಯಾಗ್ನೆಟ್ ಎಷ್ಟು ಎಂಎಂ ದಪ್ಪ, ತಟ್ಟೆಯ ತಳ ಎಷ್ಟು ದಪ್ಪ ಹೇಳಿ. ಎಷ್ಟು ಎಲೆಯಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.