ವಿಂಡೋಸ್ ಸಿಡಿ ಕೊಟ್ಟಿಲ್ಲ, ಲ್ಯಾಪ್‌ಟಾಪ್ ಬ್ಯಾಕಪ್ ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯ ಲ್ಯಾಪ್‌ಟಾಪ್‌ಗೆ ನಾಲ್ಕೈದು ವರ್ಷ ಆಗಿದೆ. ಕೊಂಡಾಗ ವಿಂಡೋಸ್ 10 ಇತ್ತು, ಆಮೇಲೆ 11ಕ್ಕೆ ಅಪ್‌ಗ್ರೇಡ್ ಆಯಿತು. ಬಾಕ್ಸ್‌ನಲ್ಲಿ ಚಾರ್ಜರ್ ಮತ್ತು ಒಂದು ತೆಳ್ಳನೆಯ ಪುಸ್ತಕ ಬಿಟ್ಟರೆ ಸಿಡಿ ಏನೂ ಇರಲಿಲ್ಲ. ಈಚೆಗೆ ಎರಡು ಸಲ ಸ್ಕ್ರೀನ್ ನೀಲಿಯಾಗಿ ತಾನೇ ರೀಸ್ಟಾರ್ಟ್ ಆಯಿತು. ಮಕ್ಕಳ ಫೋಟೋ, ಮನೆಯ ಲೆಕ್ಕ ಎಲ್ಲ ಇದರಲ್ಲೇ ಇದೆ. ಮುಖ್ಯವಾದದ್ದನ್ನೆಲ್ಲ ಡಿ ಡ್ರೈವ್‌ಗೂ ಒಂದು ಕಾಪಿ ಹಾಕಿದ್ದೇನೆ. ಸಿಡಿ ಇಲ್ಲದೆ ಪೂರ್ತಿ ಬ್ಯಾಕಪ್ ತೆಗೆಯಲು ಆಗುತ್ತದೆಯೇ? ಲ್ಯಾಪ್‌ಟಾಪ್ ಕೆಟ್ಟರೆ ವಿಂಡೋಸ್ ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕಾ?

ಉತ್ತರ: ಆಗುತ್ತದೆ. ವಿಂಡೋಸ್ ಮತ್ತೆ ಕೊಳ್ಳುವುದೂ ಬೇಡ. ಆದರೆ ನಿಮ್ಮ ಪತ್ರ ಓದಿ ನನಗೆ ಗಾಬರಿಯಾಗಿದ್ದು ಸಿಡಿ ವಿಷಯಕ್ಕಲ್ಲ, ಡಿ ಡ್ರೈವ್‌ನ ಮಾತಿಗೆ. ಮೊದಲು ಅದನ್ನೇ ನೋಡೋಣ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗಿನ ಅರ್ಧದಲ್ಲಿ ಉದ್ದುದ್ದ ಪಟ್ಟಿಗಳು ಕಾಣುತ್ತವೆ. ‘ಡಿಸ್ಕ್ 0’ ಅಂತ ಒಂದೇ ಸಾಲು ಇದ್ದು, ಸಿ ಮತ್ತು ಡಿ ಎರಡೂ ಅದೇ ಸಾಲಿನಲ್ಲಿದ್ದರೆ, ನಿಮ್ಮ ಲ್ಯಾಪ್‌ಟಾಪ್ ಒಳಗೆ ಇರುವುದು ಒಂದೇ ಡಿಸ್ಕ್. ಒಂದೇ ಕೋಣೆಗೆ ನಡುವೆ ಪರದೆ ಕಟ್ಟಿದ ಹಾಗೆ. ಅದೇ ಸಾಲಿನ ಕೊನೆಯಲ್ಲಿ ‘ರಿಕವರಿ ಪಾರ್ಟಿಷನ್’ ಅಂತ ಇನ್ನೊಂದು ಸಣ್ಣ ತುಂಡೂ ಕಾಣಬಹುದು. ಸಿಡಿ ಬದಲು ಕಂಪನಿಯವರು ಕೊಟ್ಟಿದ್ದು ಇದನ್ನೇ. ವಿಂಡೋಸ್ ಕೆಟ್ಟಾಗ ರಿಪೇರಿ ಮಾಡುವ ಸರಕು ಇದರಲ್ಲಿ ಇರುತ್ತದೆ. ಸಾಫ್ಟ್‌ವೇರ್ ತೊಂದರೆಯಾದರೆ ಇದು ಕೈ ಹಿಡಿಯುತ್ತದೆ. ಡಿಸ್ಕೇ ಕೈ ಕೊಟ್ಟರೆ ಸಿ, ಡಿ, ರಿಕವರಿ ಮೂರೂ ಒಟ್ಟಿಗೆ ಹೋಗುತ್ತವೆ.

ಒಬ್ಬರು ಹೀಗೇ ಡಿ ಡ್ರೈವ್ ನಂಬಿಕೊಂಡಿದ್ದರು. ‘ಸಿ ಹೋದರೆ ಹೋಗಲಿ ಸರ್, ಫೋಟೋ ಎಲ್ಲ ಡಿಯಲ್ಲಿದೆ’ ಅಂತ ಧೈರ್ಯವಾಗಿ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟರು. ಬಯೋಸ್ (ವಿಂಡೋಸ್‌ಗೂ ಮೊದಲು ಬರುವ, ಯಂತ್ರದ ಭಾಗಗಳನ್ನು ತೋರಿಸುವ ಸೆಟ್ಟಿಂಗ್ ಪರದೆ) ತೆರೆದೆ. ಡಿಸ್ಕಿನ ಹೆಸರು ಇರಬೇಕಾದ ಜಾಗ ಖಾಲಿ ಇತ್ತು. ಒಳಗಿನ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್‌ನ ಡಿಸ್ಕ್, ಸತ್ತಿತ್ತು. ಆ ಖಾಲಿ ಜಾಗಕ್ಕೆ ಬೆರಳಿಟ್ಟು ಅವರಿಗೆ ವಿಷಯ ಹೇಳುವುದು ನನಗೆ ಬಹಳ ಕಷ್ಟವಾಯಿತು. ಹಳೆಯ ಹಾರ್ಡ್ ಡಿಸ್ಕ್ ಎಷ್ಟೋ ಸಲ ಸದ್ದು ಮಾಡಿಯೋ ನಿಧಾನವಾಗಿಯೋ ಮುನ್ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ನಿನ್ನೆವರೆಗೆ ಚೆನ್ನಾಗಿದ್ದು ಇವತ್ತು ಪೂರ್ತಿ ಇಲ್ಲವಾಗಬಹುದು. ನಿಮಗೆ ಎರಡು ಸಲ ನೀಲಿ ಸ್ಕ್ರೀನ್ ಬಂದಿದೆ. ಅದಕ್ಕೆ ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್ ಬಳಸಲು ಬೇಕಾದ ಸಾಫ್ಟ್‌ವೇರ್), ರ‍್ಯಾಮ್, ಡಿಸ್ಕ್ ಯಾವುದಾದರೂ ಕಾರಣ ಇರಬಹುದು. ಕಾರಣ ಹುಡುಕುವುದು ಆಮೇಲೆ. ಫೈಲುಗಳನ್ನು ಇವತ್ತೇ ಹೊರಗೆ ತೆಗೆಯಿರಿ.

ವಿಂಡೋಸ್ ಎಷ್ಟು ಸಲ ಬೇಕಾದರೂ ಸಿಗುತ್ತದೆ. ನಿಮ್ಮ ಮಗು ಮೊದಲ ಹೆಜ್ಜೆ ಇಟ್ಟ ವಿಡಿಯೋ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಕೆಲಸವೂ ಅದೇ ಕ್ರಮದಲ್ಲಿ ನಡೆಯಲಿ.

ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್ ಡಿಸ್ಕಿನ ಎರಡರಷ್ಟು ದೊಡ್ಡದಿದ್ದರೆ ಒಳ್ಳೆಯದು. ಮೊದಲ ದಿನ ಯಾವ ಸಾಫ್ಟ್‌ವೇರೂ ಬೇಡ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಡೌನ್‌ಲೋಡ್ಸ್, ಜೊತೆಗೆ ಡಿ ಡ್ರೈವ್‌ನಲ್ಲಿ ಇಟ್ಟಿದ್ದು, ಇಷ್ಟನ್ನೂ ಸುಮ್ನೆ ಕಾಪಿ ಮಾಡಿ. ಕಾಪಿ ಮುಗಿದ ಮೇಲೆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ಹತ್ತಾರು ಫೋಟೋ, ಒಂದೆರಡು ವಿಡಿಯೋ, ಲೆಕ್ಕದ ಒಂದು ಎಕ್ಸೆಲ್ ಫೈಲ್ ತೆರೆದು ನೋಡಿ. ಹೆಸರು ಕಂಡರೆ ಸಾಲದು, ಫೈಲ್ ತೆರೆಯಬೇಕು.

ಇಲ್ಲಿ ಹಲವರು ಮರೆಯುವ ಸಂಗತಿಗಳಿವೆ. ಬ್ರೌಸರಿನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು ಈ ಫೋಲ್ಡರುಗಳಲ್ಲಿ ಇರುವುದಿಲ್ಲ. ಬ್ರೌಸರಿನಲ್ಲಿ ನಿಮ್ಮ ಖಾತೆಗೆ ಲಾಗಿನ್ ಆಗಿ ಸಿಂಕ್ (ಇವನ್ನು ಖಾತೆಯಲ್ಲೂ ಉಳಿಸುವ ಸೌಲಭ್ಯ) ಆನ್ ಇದೆಯಾ ನೋಡಿಕೊಳ್ಳಿ. ಮೇಲ್ ನೋಡಲು ಹಳೆಯ ಔಟ್‌ಲುಕ್ ಬಳಸುತ್ತಿದ್ದರೆ ಮೇಲ್‌ಗಳು ಇರುವ ಅದರ ಪಿಎಸ್‌ಟಿ ಫೈಲ್ ಎಲ್ಲಿದೆ ಅಂತ ಹುಡುಕಿ ಅದನ್ನೂ ಸೇರಿಸಿ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ಅದು ಯಾವ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದೆ ಎಂದು ಬರೆದಿಡಿ.

ದಿನವೂ ಕೈಯಲ್ಲಿ ಕಾಪಿ ಮಾಡುವುದು ಯಾರಿಂದಲೂ ಆಗದ ಮಾತು. ಅದಕ್ಕೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಫೈಲ್ ಹಿಸ್ಟರಿ’ ಇದೆ. ವಿಂಡೋಸ್ 8ರಿಂದಲೂ ಇದೆ, ಆದರೂ ಬಳಸುವವರು ಕಮ್ಮಿ. ಆನ್ ಮಾಡಿದರೆ ಹಾರ್ಡ್ ಡಿಸ್ಕ್ ಜೋಡಿಸಿರುವಷ್ಟು ಹೊತ್ತು, ಬದಲಾದ ಫೈಲುಗಳನ್ನು ಗಂಟೆಗೊಮ್ಮೆ ತಾನೇ ಎತ್ತಿಡುತ್ತದೆ. ಹಳೆಯ ಪ್ರತಿಯನ್ನೂ ಉಳಿಸಿಕೊಳ್ಳುತ್ತದೆ. ಹಾಗಾಗಿ ತಪ್ಪಿ ಅಳಿಸಿದ ಲೆಕ್ಕದ ಹಾಳೆಯ ಹೋದ ವಾರದ ರೂಪ ಬೇಕಾದರೂ ಸಿಗುತ್ತದೆ. ಎರಡು ಎಚ್ಚರಿಕೆ. ಡಿ ಡ್ರೈವ್‌ನ ಫೋಲ್ಡರ್ ಇದಕ್ಕೆ ತಾನಾಗಿ ಸೇರುವುದಿಲ್ಲ. ಆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಶೋ ಮೋರ್ ಆಪ್ಷನ್ಸ್’ ಒಳಗಿನ ‘ಇನ್‌ಕ್ಲೂಡ್ ಇನ್ ಲೈಬ್ರರಿ’ ಒತ್ತಬೇಕು. ಇನ್ನು ಒನ್‌ಡ್ರೈವ್ ಬಳಸುತ್ತಿದ್ದರೆ, ಫೈಲಿನ ಪಕ್ಕ ಮೋಡದ ಚಿತ್ರ ಇದೆಯಾ ಗಮನಿಸಿ. ಮೋಡ ಇದ್ದರೆ ಆ ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇಲ್ಲ, ಹೆಸರು ಮಾತ್ರ ಇದೆ. ಅಂಥದ್ದನ್ನು ಫೈಲ್ ಹಿಸ್ಟರಿ ಎತ್ತಿಕೊಳ್ಳುವುದಿಲ್ಲ.

ಈಗ ನೀವು ಕೇಳಿದ ಸಿಡಿಗೆ ಬರೋಣ. ಸಿಡಿಯ ಜಾಗಕ್ಕೆ ಪೆನ್‌ಡ್ರೈವ್ ಬಂದು ವರ್ಷಗಳೇ ಆದವು. ಅದನ್ನು ನೀವೇ ಮಾಡಿಕೊಳ್ಳಬಹುದು, ಎರಡು ದಾರಿ ಇದೆ.

ಒಂದು, ಸ್ಟಾರ್ಟ್ ಮೆನುವಿನಲ್ಲಿ ‘ರಿಕವರಿ ಡ್ರೈವ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಿಗುವ ಟೂಲ್. ಸಿಸ್ಟಮ್ ಫೈಲುಗಳನ್ನೂ ಸೇರಿಸುವ ಟಿಕ್ ಗುರುತು ಹಾಗೇ ಇರಲಿ. 32 ಜಿಬಿ ಪೆನ್‌ಡ್ರೈವ್ ಇದ್ದರೆ ಆರಾಮ. ಕೆಲಸ ನಿಧಾನ, ಗಂಟೆಗಿಂತ ಜಾಸ್ತಿ ಹಿಡಿದರೂ ನಡುವೆ ಕೀಳಬೇಡಿ. ಇನ್ನೊಂದು, ಮೈಕ್ರೋಸಾಫ್ಟ್ ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಕೊಡುವ ‘ಮೀಡಿಯಾ ಕ್ರಿಯೇಶನ್ ಟೂಲ್’. ಇದಕ್ಕೆ 8 ಜಿಬಿ ಪೆನ್‌ಡ್ರೈವ್ ಸಾಕು. ಅಸಲಿ ವಿಂಡೋಸ್ ಅನ್ನೇ ಇಳಿಸಿ, ಕಂಪ್ಯೂಟರ್ ಪೆನ್‌ಡ್ರೈವ್‌ನಿಂದಲೇ ಶುರುವಾಗುವ, ಅಂದರೆ ಬೂಟ್ ಆಗುವ ಹಾಗೆ ಸಿದ್ಧ ಮಾಡಿಕೊಡುತ್ತದೆ. ಎರಡರಲ್ಲೂ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಒಂದೇ ಮಾಡುವುದಾದರೆ ಎರಡನೆಯದನ್ನು ಮಾಡಿ ಅನ್ನುತ್ತೇನೆ. ನಿಮ್ಮ ಲ್ಯಾಪ್‌ಟಾಪ್ ಸತ್ತ ಮೇಲೂ ಬೇರೆಯವರ ಕಂಪ್ಯೂಟರಿನಲ್ಲಿ ಕೂತು ಅದನ್ನು ಮಾಡಬಹುದು. ಮೊದಲನೆಯದನ್ನು ಲ್ಯಾಪ್‌ಟಾಪ್ ಬದುಕಿದ್ದಾಗಲೇ ಮಾಡಿಟ್ಟುಕೊಳ್ಳಬೇಕು.

ಲೈಸೆನ್ಸ್ ಚಿಂತೆ ಬಿಡಿ. ವಿಂಡೋಸ್ 8 ಬಂದ 2012ರಿಂದ ಈಚೆಗೆ, ವಿಂಡೋಸ್ ಸಮೇತ ಬರುವ ಲ್ಯಾಪ್‌ಟಾಪ್‌ಗಳ ಪ್ರಾಡಕ್ಟ್ ಕೀ ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಆ ಯಂತ್ರದ ಗುರುತಿನ ಮೇಲೆ ಡಿಜಿಟಲ್ ಲೈಸೆನ್ಸ್ ಕೂಡ ನೋಂದಣಿ ಆಗಿರುತ್ತದೆ. ಎಸ್‌ಎಸ್‌ಡಿ ಬದಲಿಸಿದರೂ ಅದು ಉಳಿಯುತ್ತದೆ. ಹೊಸದಾಗಿ ಹಾಕುವಾಗ ಕೀ ಕೇಳಿದರೆ ‘ನನ್ನ ಹತ್ತಿರ ಕೀ ಇಲ್ಲ’ ಎನ್ನುವ ಆಯ್ಕೆ ಒತ್ತಿ, ಮೊದಲಿದ್ದ ಎಡಿಶನ್ನೇ, ಹೋಮ್ ಆದರೆ ಹೋಮ್, ಪ್ರೊ ಆದರೆ ಪ್ರೊ, ಆರಿಸಿ. ಇಂಟರ್‌ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಮದರ್‌ಬೋರ್ಡ್ ಬದಲಾದರೆ ಮಾತ್ರ ತಕರಾರು ಬರಬಹುದು.

ನಿಜವಾಗಿ ಕಾಡುವುದು ಡ್ರೈವರ್. ವಿಂಡೋಸ್ ಹಾಕಿದ ಮೇಲೆ ವೈಫೈ ಕಾಣುವುದಿಲ್ಲ, ವೈಫೈ ಇಲ್ಲದೆ ಡ್ರೈವರ್ ಇಳಿಸಲು ಆಗುವುದಿಲ್ಲ. ಇದಕ್ಕಿಂತ ಹೆಚ್ಚು ಹೆದರಿಸುವ ಇನ್ನೊಂದಿದೆ. ಇಂಟೆಲ್ 11ನೇ ಪೀಳಿಗೆ ಮತ್ತು ಆಮೇಲಿನ ಪ್ರೊಸೆಸರ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕಲು ಹೋದಾಗ ಡಿಸ್ಕೇ ಕಾಣಿಸುವುದಿಲ್ಲ, ಪಟ್ಟಿ ಖಾಲಿ ಇರುತ್ತದೆ. ಡಿಸ್ಕ್ ಹೋಯಿತು ಅಂತ ಜನ ಹೌಹಾರುತ್ತಾರೆ. ಬಹಳ ಸಲ ಬೇಕಿರುವುದು ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಅಷ್ಟೇ. ನಿಮ್ಮ ಮಾಡೆಲ್ ನಂಬರ್ ಹಿಡಿದು ಕಂಪನಿಯ ಸಪೋರ್ಟ್ ಪುಟದಿಂದ ವೈಫೈ ಮತ್ತು ಸ್ಟೋರೇಜ್ ಡ್ರೈವರುಗಳನ್ನು ಈಗಲೇ ಇಳಿಸಿ, ಜಿಪ್ ಆಗಿದ್ದರೆ ಬಿಡಿಸಿ ಅದೇ ಪೆನ್‌ಡ್ರೈವ್‌ಗೆ ಹಾಕಿಡಿ.

‘ಪೂರ್ತಿ ಬ್ಯಾಕಪ್’ ಅಂದಿದ್ದೀರಿ. ಅದಕ್ಕೆ ಸಿಸ್ಟಮ್ ಇಮೇಜ್ ಅನ್ನುತ್ತಾರೆ: ವಿಂಡೋಸ್, ಸಾಫ್ಟ್‌ವೇರ್, ಸೆಟ್ಟಿಂಗ್, ಫೈಲ್ ಎಲ್ಲದರ ಅಚ್ಚು. ಕಂಟ್ರೋಲ್ ಪ್ಯಾನೆಲ್‌ನ ‘ಬ್ಯಾಕಪ್ ಆ್ಯಂಡ್ ರಿಸ್ಟೋರ್ (ವಿಂಡೋಸ್ 7)’ ಒಳಗೆ ‘ಕ್ರಿಯೇಟ್ ಎ ಸಿಸ್ಟಮ್ ಇಮೇಜ್’ ಇದೆ. ಹೆಸರಲ್ಲಿ 7 ಇದ್ದರೂ 11ರಲ್ಲೂ ಓಡುತ್ತದೆ. ಆದರೆ ಮೈಕ್ರೋಸಾಫ್ಟ್ ಇದರ ಅಭಿವೃದ್ಧಿ ನಿಲ್ಲಿಸಿ ಬಹಳ ಕಾಲವಾಯಿತು. ಉಚಿತವಾಗಿ ಸಿಗುವ ವೀಮ್ ಏಜೆಂಟ್ ಅಥವಾ ರೆಸ್ಕ್ಯೂಜಿಲ್ಲಾ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಇದಕ್ಕಿಂತ ವಾಸಿ. ಯಾವುದೇ ಇಮೇಜ್ ಆಗಲಿ, ಅದನ್ನು ವಾಪಸ್ ಹಾಕಿದರೆ ಲ್ಯಾಪ್‌ಟಾಪ್ ಇಮೇಜ್ ತೆಗೆದ ದಿನಕ್ಕೆ ಹಿಂದೆ ಹೋಗುತ್ತದೆ. ನಂತರ ಸೇರಿಸಿದ ಫೈಲ್ ಒಂದೂ ಉಳಿಯುವುದಿಲ್ಲ. ವಿಂಡೋಸ್‌ನ ಇಮೇಜ್ ಆದರೆ ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು, ‘ವಿಂಡೋಸ್ ಇಮೇಜ್ ಬ್ಯಾಕಪ್’ ಎಂಬ ಆ ಫೋಲ್ಡರಿನ ಹೆಸರನ್ನೂ ಬದಲಿಸಬಾರದು. ಮನೆಯ ಬಳಕೆಗೆ ಇಮೇಜ್ ಇದ್ದರೆ ಅನುಕೂಲ, ಇಲ್ಲದಿದ್ದರೆ ನಷ್ಟವಿಲ್ಲ. ಫೈಲುಗಳ ಕಾಪಿ ಇಲ್ಲದೆ ಇಮೇಜ್ ಒಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮುಖ್ಯ ಮಾತು, ಬಿಟ್‌ಲಾಕರ್. ಡಿಸ್ಕಿನಲ್ಲಿರುವುದನ್ನೆಲ್ಲ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿಡುವ (ಎನ್‌ಕ್ರಿಪ್ಷನ್) ವಿಂಡೋಸ್ ಸೌಲಭ್ಯ ಇದು. ನೀವು ಆನ್ ಮಾಡದಿದ್ದರೂ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿ ಆನ್ ಆಗಿರುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಬಯೋಸ್ ಸೆಟ್ಟಿಂಗ್ ಬದಲಿಸಿದಾಗ, ಇಲ್ಲವೇ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ, 48 ಅಂಕಿಯ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಫೈಲ್ ಸಿಗುವುದಿಲ್ಲ, ಯಾರ ಕೈಯಲ್ಲೂ ತೆಗೆಯಲು ಆಗುವುದಿಲ್ಲ. ಸಾಮಾನ್ಯವಾಗಿ ಈ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಇವತ್ತೇ ಲಾಗಿನ್ ಆಗಿ ನೋಡಿ, ಕಾಗದದ ಮೇಲೆ ಪ್ರಿಂಟ್ ತೆಗೆದು ಇಡಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ.

ಎಕ್ಸ್‌ಟರ್ನಲ್ ಡಿಸ್ಕ್ ಕೂಡ ಕೆಲಸ ಮುಗಿದ ಮೇಲೆ ಎಜೆಕ್ಟ್ ಮಾಡಿ, ಕಿತ್ತು ಬೇರೆ ಕಡೆ ಇಡಿ. ಸದಾ ಜೋಡಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದ ದಿನ ಎರಡೂ ಕಡೆಯ ಫೈಲಿಗೆ ಬೀಗ ಬೀಳುತ್ತದೆ. ಮತ್ತೆ ಸಿಗದ ಫೋಟೋಗಳಿಗೆ ಮೂರನೆಯ ಪ್ರತಿಯೊಂದು ಮನೆಯಿಂದ ಹೊರಗಿರಲಿ. ಹತ್ತಿರದ ಸಂಬಂಧಿಕರ ಮನೆ ಆಗಬಹುದು, ಕ್ಲೌಡ್ ಆಗಬಹುದು. ಕ್ಲೌಡ್ ಸಿಂಕ್ ಒಂದನ್ನೇ ನೆಚ್ಚಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ವೈಯಕ್ತಿಕ ಒನ್‌ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ಇಲ್ಲ.

ಪ್ರಶ್ನೆ: ನನ್ನದು ಹಳೆಯ ಲ್ಯಾಪ್‌ಟಾಪ್, ವಿಂಡೋಸ್ 7. ಬ್ಯಾಕಪ್ ಇಲ್ಲ. ಈಗ ಆನ್ ಮಾಡಿದರೆ ಒಳಗಿಂದ ಟಕ್ ಟಕ್ ಅಂತ ಸದ್ದು ಬರುತ್ತದೆ, ವಿಂಡೋಸ್ ತೆರೆಯುತ್ತಿಲ್ಲ. ರಿಕವರಿ ಪಾರ್ಟಿಷನ್‌ನಿಂದ ಮತ್ತೆ ವಿಂಡೋಸ್ ಹಾಕಿದರೆ ಸರಿ ಹೋಗುತ್ತದಾ?

ಉತ್ತರ: ದಯವಿಟ್ಟು ಹಾಕಬೇಡಿ. ಕಂಪನಿಯ ರಿಕವರಿ ಸಾಮಾನ್ಯವಾಗಿ ಸಿ ಡ್ರೈವ್ ಪೂರ್ತಿ ಅಳಿಸಿಯೇ ಶುರುವಾಗುತ್ತದೆ. ಅದಕ್ಕಿಂತ ಮೊದಲು, ಟಕ್ ಟಕ್ ಸದ್ದು ಅಂದರೆ ಹಾರ್ಡ್ ಡಿಸ್ಕಿನ ಒಳಗಿನ ಭಾಗವೇ ಕೆಟ್ಟಿರುವ ಲಕ್ಷಣ. ಆನ್ ಮಾಡಿದಷ್ಟೂ ಉಳಿದ ಡೇಟಾ ಹಾಳಾಗುತ್ತಾ ಹೋಗುತ್ತದೆ. ಚೆಕ್ ಡಿಸ್ಕ್ ಎಂಬ ಡಿಸ್ಕ್ ಪರೀಕ್ಷೆ ಓಡಿಸುವುದು, ರಿಪೇರಿ ಸಾಫ್ಟ್‌ವೇರ್ ಹಾಕುವುದು ಯಾವುದೂ ಬೇಡ. ಈಗಲೇ ಆಫ್ ಮಾಡಿ.

ಒಳಗಿನ ಫೈಲುಗಳು ನಿಮಗೆ ನಿಜವಾಗಿ ಬೇಕಿದ್ದರೆ ಡಿಸ್ಕನ್ನು ಡೇಟಾ ರಿಕವರಿ ಮಾಡುವವರ ಕೈಗೇ ನೇರವಾಗಿ ಕೊಡಿ. ಖರ್ಚು ಜಾಸ್ತಿ ಆಗಬಹುದು, ಎಷ್ಟು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಸದ್ದೇನೂ ಇಲ್ಲದೆ ವಿಂಡೋಸ್ ಮಾತ್ರ ತೆರೆಯದಿದ್ದರೆ ಆ ಮಾತು ಬೇರೆ. ಆಗ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆ) ಹಾಕಿದ, ಇನ್‌ಸ್ಟಾಲ್ ಮಾಡದೆಯೇ ಓಡುವ ‘ಲೈವ್’ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ‘ಇನ್‌ಸ್ಟಾಲ್’ ಬದಲು ‘ಟ್ರೈ’ ಆರಿಸಿಕೊಂಡು, ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಎಳೆದು ಹಾಕಬಹುದು. ಅದಕ್ಕೆ ವಿಂಡೋಸ್ ಸಿಡಿಯೂ ಬೇಡ, ಪಾಸ್‌ವರ್ಡೂ ಬೇಡ.

ಲ್ಯಾಪ್‌ಟಾಪ್‌ನ ಅಡಿಯಲ್ಲಿ 25 ಅಕ್ಷರದ ಕೀ ಇರುವ ಸ್ಟಿಕ್ಕರ್ ಇರಬಹುದು. ಆದರೆ ವಿಂಡೋಸ್ 7ಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ಹೊಸ ಡಿಸ್ಕ್ ಹಾಕಿಸಿದ ಮೇಲೆ ಅದನ್ನೇ ಮತ್ತೆ ಹಾಕಿ ಇಂಟರ್‌ನೆಟ್‌ಗೆ ಜೋಡಿಸಬೇಡಿ. ಅಷ್ಟು ಹಳೆಯ ಯಂತ್ರಕ್ಕೆ ಹಗುರವಾದ ಲಿನಕ್ಸ್ ಚೆನ್ನಾಗಿ ಹೊಂದುತ್ತದೆ.