ಓದುಗರ ಪ್ರಶ್ನೆ: ಊರಿನ ಗೋದಾಮಿಗೂ ಬೇಕೆ ಪ್ರಾಜೆಕ್ಟ್ ನಿರ್ವಹಣೆಯ ಪದ್ಧತಿ?

ಪ್ರಶ್ನೆ: ಮಾನ್ಯರೇ, ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ನಾನು ನಿರ್ದೇಶಕ. ಅಡಿಕೆ ದಾಸ್ತಾನಿಗೆ ಗೋದಾಮು ಕಟ್ಟಿಸಲು ಮತ್ತು ಅದರ ಜೊತೆಗೇ ಸಂಘದ ಲೆಕ್ಕಪತ್ರಗಳನ್ನು ಕಂಪ್ಯೂಟರಿಗೆ ಏರಿಸಲು ತೀರ್ಮಾನಿಸಿದ್ದೇವೆ. ಹಿಂದೆ ಒಂದು ಒಣಗಿಸುವ ಶೆಡ್ ಕಟ್ಟಿಸಲು ಹೊರಟಾಗ, ಒಂದೇ ಬೇಸಿಗೆಯಲ್ಲಿ ಮುಗಿಯಬೇಕಿದ್ದ ಕೆಲಸ ಮೂರು ಮಳೆಗಾಲ ಎಳೆಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು 'ಪ್ರಿನ್ಸ್ 2 ಎಂಬ ಪದ್ಧತಿ ಇದೆ, ಅದನ್ನು ಅನುಸರಿಸಿ' ಎನ್ನುತ್ತಾಳೆ. ಮಂಡಳಿಯ ಹಿರಿಯರು 'ಅದೆಲ್ಲ ದೊಡ್ಡ ಕಂಪನಿಗಳ ಕಾಗದದ ರಾಶಿ, ನಮಗೆ ಒಳ್ಳೆಯ ಕಂಟ್ರಾಕ್ಟರ್ ಸಿಕ್ಕರೆ ಸಾಕು' ಎನ್ನುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ಮಗಳ ಮಾತನ್ನು ಕೇಳಿ ಎಂದೇ ನಾನು ಹೇಳುತ್ತೇನೆ. ಹಿರಿಯರು ಅಂಜುತ್ತಿರುವ ಕಾಗದದ ರಾಶಿ ಆ ಪದ್ಧತಿಯ ತಿರುಳಲ್ಲ. ಅದನ್ನು ಅರೆಬರೆಯಾಗಿ ಕಲಿತವರು ಅದರ ಮೇಲೆ ಹೇರಿದ ಹೊರೆ.

ಮೊದಲು ಒಂದು ಪದದ ವಿಚಾರವನ್ನು ಸ್ಪಷ್ಟ ಮಾಡಿಕೊಳ್ಳೋಣ. ಕನ್ನಡದಲ್ಲಿ ಕೈಗೆತ್ತಿಕೊಂಡ ಕೆಲಸಕ್ಕೂ ಯೋಜನೆ ಎನ್ನುತ್ತೇವೆ, ಅದನ್ನು ಹೇಗೆ ಮಾಡುವುದೆಂದು ಬರೆದಿಟ್ಟ ಕಾಗದಕ್ಕೂ ಯೋಜನೆ ಎನ್ನುತ್ತೇವೆ, ಸರ್ಕಾರ ಕೊಡುವ ಸವಲತ್ತಿಗೂ ಯೋಜನೆ ಎಂದೇ ಹೆಸರು. ಹೀಗಾಗಿ ನಕ್ಷೆ, ಎಸ್ಟಿಮೇಟು ಮತ್ತು ಮಂಜೂರಾತಿ ಪತ್ರ ಕೈಗೆ ಬಂದ ದಿನವೇ 'ಯೋಜನೆ ಆಯಿತು' ಎಂಬ ನೆಮ್ಮದಿ ಮಂಡಳಿಯಲ್ಲಿ ನೆಲೆಸಿಬಿಡುತ್ತದೆ. ಆದ್ದರಿಂದ ಈ ಉತ್ತರದಲ್ಲಿ ಕೆಲಸವನ್ನು ಪ್ರಾಜೆಕ್ಟ್ ಎಂದೂ ಅದರ ಕಾಗದವನ್ನು ಮಾತ್ರ ಯೋಜನೆ ಎಂದೂ ಕರೆಯುತ್ತೇನೆ. ಆರಂಭ ಮತ್ತು ಅಂತ್ಯ ಎರಡೂ ಇರುವ, ನಿತ್ಯದ ವ್ಯವಹಾರದಿಂದ ಬೇರೆಯಾದ ಕೆಲಸವೇ ಪ್ರಾಜೆಕ್ಟ್. ಸದಸ್ಯರಿಗೆ ಸಾಲ ಕೊಡುವುದು, ಗೊಬ್ಬರ ಮಾರುವುದು ಸಂಘದ ನಿತ್ಯದ ವ್ಯವಹಾರ. ಅದನ್ನು ನಡೆಸುವ ಕ್ರಮದಲ್ಲೇ ಗೋದಾಮನ್ನೂ ಕಟ್ಟಿಸಲು ಹೋದರೆ, ತಿಂಗಳಿಗೊಮ್ಮೆ ಸೇರುವ ಸಭೆಯ ಕಾರ್ಯಸೂಚಿಯಲ್ಲಿ ಅದು ಕೊನೆಯ ವಿಷಯವಾಗಿ ಉಳಿದು, ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ ಚರ್ಚೆಗೆ ಬರುತ್ತದೆ.

ಪ್ರಿನ್ಸ್ 2 ಬೆಳೆದದ್ದು ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆಯಲ್ಲಿ. 1989ರಲ್ಲಿ ಅಲ್ಲಿನ ಸರ್ಕಾರದ ಕಂಪ್ಯೂಟರ್ ಕೆಲಸಗಳಿಗಾಗಿ ಪ್ರಿನ್ಸ್ ಎಂಬ ಪದ್ಧತಿ ಬಂತು. 1996ರಲ್ಲಿ ಅದನ್ನು ಎಲ್ಲ ಬಗೆಯ ಪ್ರಾಜೆಕ್ಟುಗಳಿಗೂ ಹೊಂದುವಂತೆ ತಿದ್ದಿ ಪ್ರಿನ್ಸ್ 2 ಎಂದು ಹೆಸರಿಟ್ಟರು. ಅದರ ಏಳು ತತ್ತ್ವಗಳಲ್ಲಿ ಒಂದು, ಪದ್ಧತಿಯನ್ನೇ ಪ್ರಾಜೆಕ್ಟಿನ ಅಳತೆಗೆ ತಕ್ಕಂತೆ ಹೊಲಿದುಕೊಳ್ಳಬೇಕು ಎನ್ನುತ್ತದೆ. ನಿಮ್ಮ ಹಿರಿಯರಿಗೆ ಈ ಒಂದು ತತ್ತ್ವವನ್ನು ಓದಿ ಹೇಳಿದರೆ ಅರ್ಧ ಅಂಜಿಕೆ ಕಳೆಯುತ್ತದೆ. ಹೊಲಿದ ಮೇಲೂ ಉಳಿಯಲೇಬೇಕಾದವು ಮೂರು ಸಂಗತಿಗಳು: ತೀರ್ಮಾನ ಯಾರದು, ಎಲ್ಲಿ ನಿಂತು ಮತ್ತೆ ಯೋಚಿಸಬೇಕು, ಎಷ್ಟು ತಪ್ಪಿದರೆ ಮೇಲಿನವರಿಗೆ ತಿಳಿಸಬೇಕು.

ಮೊದಲನೆಯದು ತೀರ್ಮಾನದ ವಿಷಯ. ಈ ಪದ್ಧತಿ ಪ್ರಾಜೆಕ್ಟಿನ ಮೇಲೆ ಒಂದು ಚಿಕ್ಕ ಮಂಡಳಿಯನ್ನು ಕೂರಿಸಿ, ಅದರಲ್ಲಿ ಮೂರು ಹಿತಗಳಿಗೆ ಸ್ಥಾನ ಕೊಡುತ್ತದೆ: ಹಣ ಹಾಕುವವರದು, ಬಳಸುವವರದು, ಕಟ್ಟಿಕೊಡುವವರದು. ನಿಮ್ಮಲ್ಲಿ ಹಣದ ಪರವಾಗಿ ಅಧ್ಯಕ್ಷರು ಕೂರಬಹುದು. ಬಳಸುವವರ ಪರವಾಗಿ ಅಡಿಕೆ ತಂದಿಡುವ ಒಬ್ಬ ಬೆಳೆಗಾರರನ್ನು ಕೂರಿಸಿ, ಚೀಲ ಇಳಿಸಿ ತೂಕ ಬರೆದುಕೊಳ್ಳುವ ಗುಮಾಸ್ತರ ಮಾತನ್ನೂ ಅವರೇ ಕೇಳಿಕೊಂಡು ಬರಲಿ. ಕಟ್ಟುವವರ ಪರವಾಗಿ ಇಂಜಿನಿಯರ್ ಇರಲಿ. ಕೊನೆಯ ಮಾತು ಹಣದ ಪರವಾಗಿ ಕೂತವರದು. ನಿಮ್ಮ ಶೆಡ್ ಮೂರು ಮಳೆಗಾಲ ಎಳೆದದ್ದಕ್ಕೆ ಕಾರಣ ನೀವು ಬರೆದಿಲ್ಲ. ಆದರೆ ಎಲ್ಲ ನಿರ್ದೇಶಕರೂ ಎಲ್ಲ ವಿಷಯವನ್ನೂ ತೀರ್ಮಾನಿಸುವ ಕಡೆ ಬಾಗಿಲಿನ ಅಗಲದಂಥ ಸಣ್ಣ ಸಂಗತಿಗೂ ತಿಂಗಳು ಹಿಡಿಯುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಲಾರಿ ಹಿಂದಕ್ಕೆ ಬಂದು ನಿಲ್ಲಲು ಬಾಗಿಲು ಎಷ್ಟು ಅಗಲ ಬೇಕೆಂಬುದು ಗುಮಾಸ್ತರಿಗೆ ಗೊತ್ತಿರುತ್ತದೆ, ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ.

ಎರಡನೆಯದು ಹಂತಗಳು. ಪ್ರಾಜೆಕ್ಟನ್ನು ಹಂತಗಳಾಗಿ ಒಡೆದು, ಪ್ರತಿ ಹಂತದ ಕೊನೆಯಲ್ಲಿ ಈ ಕೆಲಸವನ್ನು ಮುಂದುವರಿಸಲು ಇನ್ನೂ ಕಾರಣವಿದೆಯೇ ಎಂದು ಮಂಡಳಿ ಕೇಳಿಕೊಳ್ಳಲೇಬೇಕು. ಆರಂಭದ ದಿನ ಎಲ್ಲರೂ ಕೇಳುವ ಪ್ರಶ್ನೆ ಇದು. ನಡುವೆ ಕೇಳುವವರು ಅಪರೂಪ. ನಾನು ದುಡಿದ ಒಂದು ಸಂಸ್ಥೆಯಲ್ಲಿ, ಉಪಯೋಗವೇ ಇಲ್ಲವಾದ ಒಂದು ವ್ಯವಸ್ಥೆಯನ್ನು ಎರಡು ವರ್ಷ ಕಟ್ಟುತ್ತಲೇ ಹೋದೆವು. ಅಷ್ಟು ಹಣ ಹಾಕಿದ್ದೇವೆ, ಈಗ ನಿಲ್ಲಿಸುವುದು ಹೇಗೆ ಎಂಬ ಸಂಕೋಚವೇ ನಮ್ಮನ್ನು ನಡೆಸಿತು. ನಿಲ್ಲಿ ಎಂದು ಹೇಳುವ ಅಧಿಕಾರವೂ ಹಾಗೆ ಹೇಳಲು ನಿಗದಿಯಾದ ದಿನವೂ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿರುವ ನೋವು.

ಮೂರನೆಯದು ಮಿತಿ. ಗೋದಾಮಿನ ಅಂದಾಜು 40 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 2 ಲಕ್ಷದವರೆಗೆ ಅಥವಾ ಎರಡು ವಾರದವರೆಗೆ ಏರುಪೇರಾದರೆ ಮೇಲ್ವಿಚಾರಣೆಯ ಕಾರ್ಯದರ್ಶಿಗಳೇ ಸರಿದೂಗಿಸಿಕೊಳ್ಳಲಿ, ಅದಕ್ಕಿಂತ ಹೆಚ್ಚಾಗುವ ಲಕ್ಷಣ ಕಂಡ ಕೂಡಲೇ ಮಂಡಳಿಗೆ ತಿಳಿಸಲಿ ಎಂದು ಮೊದಲೇ ಬರೆದಿಡಿ. ಲಕ್ಷಣ ಕಂಡ ಕೂಡಲೇ ಎಂಬುದು ಇಲ್ಲಿ ಮುಖ್ಯ. ಹಣ ಖರ್ಚಾದ ಮೇಲೆ ತಿಳಿಸಿದರೆ ಮಂಡಳಿಗೆ ಉಳಿಯುವುದು ಬಿಲ್ಲಿಗೆ ಸಹಿ ಹಾಕುವ ಕೆಲಸ ಮಾತ್ರ. ಈ ಮಿತಿಯೊಳಗೆ ಇರುವಷ್ಟು ಕಾಲ ಕಾರ್ಯದರ್ಶಿಗಳನ್ನು ದಿನವೂ ಫೋನು ಮಾಡಿ ವಿಚಾರಿಸುವ ಅಗತ್ಯವಿಲ್ಲ.

ಕಾಲದ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಲೆನಾಡಿನಲ್ಲಿ ಗಡುವನ್ನು ಗೊತ್ತುಮಾಡುವುದು ಮಳೆ. ಮೃಗಶಿರಾ ಮಳೆ ಹಿಡಿಯುವ ಮೊದಲು, ಅಂದರೆ ಮೇ 31ರೊಳಗೆ, ಸೂರು ಮುಗಿಯಬೇಕು. 1957ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಕೂಡಿ ರೂಪಿಸಿದ, ಒಂದಾದ ಮೇಲೊಂದು ನಡೆಯಲೇಬೇಕಾದ ಕೆಲಸಗಳ ಅತಿ ಉದ್ದದ ಸರಣಿಯನ್ನು ಹುಡುಕುವ, ಇಂದು ಕ್ರಿಟಿಕಲ್ ಪಾತ್ ಎಂದು ಕರೆಯುವ ಲೆಕ್ಕ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅಡಿಪಾಯಕ್ಕೆ 3 ವಾರ, ಪಿಲ್ಲರ್ ಮತ್ತು ಜಂಬಿಟ್ಟಿಗೆ ಗೋಡೆಗೆ 6 ವಾರ, ಕಬ್ಬಿಣದ ಟ್ರಸ್ ಏರಿಸಿ ಶೀಟು ಹೊದಿಸಲು 2 ವಾರ ಎಂದರೆ ಒಟ್ಟು 11 ವಾರ. ಟ್ರಸ್ಸನ್ನು ಶಿವಮೊಗ್ಗದ ವರ್ಕ್‌ಶಾಪಿನಲ್ಲಿ ಮಾಡಿಸಲು 4 ವಾರ ಬೇಕಾದರೂ ಅದು ಗೋಡೆಯ ಕೆಲಸದ ಜೊತೆಜೊತೆಗೇ ನಡೆಯುವುದರಿಂದ ಅದಕ್ಕೆ 2 ವಾರಗಳ ಬಿಡುವಿದೆ. ಗೋಡೆಗೆ ಅಂಥ ಬಿಡುವು ಒಂದು ದಿನವೂ ಇಲ್ಲ. ಗೋಡೆ ಒಂದು ವಾರ ತಡವಾದರೆ ಸೂರೂ ಒಂದು ವಾರ ತಡವಾಗುತ್ತದೆ. ಮೇ 31ರಿಂದ 11 ವಾರ ಹಿಂದಕ್ಕೆ ಎಣಿಸಿದರೆ ಮಾರ್ಚ್ 15 ಬರುತ್ತದೆ.

ಆದರೆ ಆ 6 ವಾರ ನಂಬತಕ್ಕದ್ದೇ? 1958ರಲ್ಲಿ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ ಅಮೆರಿಕದ ನೌಕಾಪಡೆ ರೂಪಿಸಿದ ಪರ್ಟ್ ಎಂಬ ಕ್ರಮ ಒಂದು ಅಂದಾಜಿನ ಬದಲು ಮೂರನ್ನು ಕೇಳುತ್ತದೆ. ಕಲ್ಲು, ಸಿಮೆಂಟು, ಮೇಸ್ತ್ರಿಗಳು ಎಲ್ಲವೂ ಸಕಾಲಕ್ಕೆ ಸಿಕ್ಕರೆ 4 ವಾರ, ಸಾಮಾನ್ಯವಾಗಿ 6 ವಾರ, ಊರಿನ ಮಾರಿಜಾತ್ರೆ ಬಂದು ಆಳುಗಳು ಚದುರಿ ಮುಂಗಾರಿಗೆ ಮುಂಚಿನ ಗುಡುಗು ಮಳೆಯೂ ಕಾಡಿದರೆ 14 ವಾರ. ಸಾಮಾನ್ಯ ಅಂದಾಜನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 7 ವಾರ ಬರುತ್ತದೆ. ಅಲ್ಲಿಗೆ ಒಟ್ಟು 12 ವಾರ, ಆರಂಭದ ದಿನ ಮಾರ್ಚ್ 8. ಅದು ಕೂಡ ಸರಾಸರಿಯ ಲೆಕ್ಕವೇ ಆದ್ದರಿಂದ, ಫೆಬ್ರವರಿಯಲ್ಲೇ ಅಗೆತ ಆರಂಭಿಸುವುದು ಕ್ಷೇಮ. ಶಂಕುಸ್ಥಾಪನೆಗೆ ಗಣ್ಯರ ದಿನಾಂಕ ಸಿಗಲೆಂದು ಈ ವಾರಗಳನ್ನು ಕಾಯುತ್ತಾ ಕಳೆಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕಂಪ್ಯೂಟರ್ ಕೆಲಸವನ್ನು ಗೋದಾಮಿನ ಜೊತೆಗೆ ಕಟ್ಟಬೇಡಿ. ಅದು ಬೇರೆಯೇ ಪ್ರಾಜೆಕ್ಟ್. ಮಾರ್ಚ್ ಕೊನೆಯ ವಾರ್ಷಿಕ ಲೆಕ್ಕದ ಗಡಿಬಿಡಿಯಲ್ಲಾಗಲೀ, ಕೊನೆ ಕೊಯ್ಲು ನಡೆದು ಅಡಿಕೆ ಬರತೊಡಗುವ ದಿನಗಳಲ್ಲಾಗಲೀ ಗುಮಾಸ್ತರಿಗೆ ಹೊಸದನ್ನು ಕಲಿಯಲು ಬಿಡುವಿರುವುದಿಲ್ಲ. ಗೋದಾಮಿಗೆ ಶತ್ರುವಾದ ಆಷಾಢದ ಮಳೆಯೇ ಈ ಕೆಲಸಕ್ಕೆ ಅನುಕೂಲ. ಮರ ಬಿದ್ದು ಕರೆಂಟು ಹೋಗುವ ಕಾಲವೂ ಅದೇ ಆದ್ದರಿಂದ ಯುಪಿಎಸ್ ಖರ್ಚನ್ನು ಮೊದಲ ಅಂದಾಜಿನಲ್ಲೇ ಸೇರಿಸಿ, ಕನಿಷ್ಠ ಒಂದು ತಿಂಗಳು ಹಳೆಯ ಲೆಡ್ಜರನ್ನೂ ಜೊತೆಯಲ್ಲಿ ಬರೆಯಿರಿ.

ಪ್ರಶ್ನೆ: ನಾನು ಶಿವಮೊಗ್ಗದ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದೇನೆ. 'ನಾವು ಅಜೈಲ್ ಪದ್ಧತಿಯವರು, ನಮಗೆ ಯೋಜನೆ, ದಾಖಲೆ ಬೇಕಿಲ್ಲ' ಎಂದು ನಮ್ಮ ಮುಖ್ಯಸ್ಥರು ಹೇಳುತ್ತಾರೆ. ಇದು ನಿಜವೇ? ಪ್ರಾಜೆಕ್ಟ್ ನಿರ್ವಹಣೆಯಲ್ಲಿ ಸರ್ಟಿಫಿಕೇಟ್ ಪಡೆದರೆ ಪ್ರಯೋಜನವಿದೆಯೇ?

ಉತ್ತರ: ನಿಜವಲ್ಲ. ಅಜೈಲ್ ಎಂದರೆ ಕೆಲಸವನ್ನು ಸಣ್ಣ ಸುತ್ತುಗಳಲ್ಲಿ ಮಾಡುತ್ತಾ, ಬಳಕೆದಾರರಿಗೆ ತೋರಿಸಿ ತಿದ್ದಿಕೊಳ್ಳುವ ರೀತಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಬರೆದ ಅಜೈಲ್ ಘೋಷಣೆಯು, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದನ್ನು ಮೇಲೆ ಇಟ್ಟಿತು. ಆದರೆ ಯೋಜನೆಗೂ ದಾಖಲೆಗೂ ಬೆಲೆಯಿದೆ ಎಂದು ಅದೇ ಘೋಷಣೆಯಲ್ಲಿ ಒಪ್ಪಿಕೊಂಡಿದೆ. ಆ ಬಳಗದ ಸ್ಕ್ರಮ್ ಎಂಬ ಕ್ರಮವನ್ನೇ ನೋಡಿ. ಒಂದು ತಿಂಗಳಿಗೆ ಮೀರದ ಸುತ್ತುಗಳು, ಪ್ರತಿ ಸುತ್ತಿನ ಆರಂಭದಲ್ಲಿ ಯೋಜನೆಗೆಂದೇ ಒಂದು ಸಭೆ, ದಿನಕ್ಕೆ 15 ನಿಮಿಷದ ಭೇಟಿ, ಕೊನೆಯಲ್ಲಿ ಆದ ಕೆಲಸದ ಪರಿಶೀಲನೆ ಮತ್ತು ಕೆಲಸ ಮಾಡಿದ ರೀತಿಯ ವಿಮರ್ಶೆ ಅದರಲ್ಲಿ ಇರಲೇಬೇಕು. ಯೋಜನೆಯನ್ನು ಒಮ್ಮೆ ಮಾಡಿ ಮುಗಿಸುವ ಬದಲು ಪ್ರತಿ ಸುತ್ತಿಗೂ ಮಾಡುವವರನ್ನು ಯೋಜನೆ ಇಲ್ಲದವರು ಎನ್ನುವುದು ಹೇಗೆ?

ಯಾವ ಪದ್ಧತಿ ಎಲ್ಲಿಗೆ ಎಂಬುದಕ್ಕೆ ನನ್ನ ಅಳತೆಗೋಲು ಒಂದೇ, ಮನಸ್ಸು ಬದಲಾಯಿಸಲು ಎಷ್ಟು ವೆಚ್ಚವಾಗುತ್ತದೆ ಎಂಬುದು. ಪರದೆಯ ಮೇಲಿನ ಅರ್ಜಿ ನಮೂನೆಯನ್ನು ಬಳಕೆದಾರರಿಗೆ ತೋರಿಸಿ ನಾಳೆಯೇ ತಿದ್ದಬಹುದು. ಮೇಲಿನ ಪತ್ರದ ಗೋದಾಮಿನ ಪಿಲ್ಲರನ್ನು ಹಾಗೆ ತಿದ್ದಲಾಗದು.

ಸರ್ಟಿಫಿಕೇಟಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ನೀಡುವ ಪಿಎಂಪಿಗೆ ಪ್ರಾಜೆಕ್ಟುಗಳನ್ನು ಮುನ್ನಡೆಸಿದ ವರ್ಷಗಳ ಅನುಭವ ಬೇಕು. ಹೊಸಬರಿಗೆ ಅದೇ ಸಂಸ್ಥೆಯ ಸಿಎಪಿಎಂ ಅಥವಾ ಪ್ರಿನ್ಸ್ 2ರ ಫೌಂಡೇಶನ್ ಪರೀಕ್ಷೆ ಇದೆ. ಸಂದರ್ಶನದ ಬಾಗಿಲಿನವರೆಗೆ ಅವು ನೆರವಾಗುತ್ತವೆ. ನಿಮ್ಮ ಮುಂದಿನ ಎರಡು ಸುತ್ತುಗಳ ಅಂದಾಜು ಮತ್ತು ನಿಜವಾಗಿ ಹಿಡಿದ ಕಾಲವನ್ನು ಅಕ್ಕಪಕ್ಕ ಬರೆದಿಡುವುದನ್ನು ಮಾತ್ರ ಪರೀಕ್ಷೆಗಾಗಿ ಕಾಯದೆ ಈಗಲೇ ಆರಂಭಿಸಿ.

ಪ್ರಶ್ನೆ: ನಾನು ಸಾಗರದ ನಿವೃತ್ತ ಶಿಕ್ಷಕಿ. ನಮ್ಮ ಊರಿನ ಓದುಮನೆಯ ಕಟ್ಟಡ ಅಂದುಕೊಂಡ ದಿನಕ್ಕೆ, ಅಂದುಕೊಂಡ ಹಣದಲ್ಲೇ ಮುಗಿಯಿತು. ಉದ್ಘಾಟನೆಯೂ ಆಯಿತು. ಆದರೆ ಅಂದಿನಿಂದ ಬೀಗ ಹಾಕಿದೆ. ಇದನ್ನು ಯಶಸ್ಸು ಎನ್ನಬೇಕೆ?

ಉತ್ತರ: ಅಮ್ಮ, ನಿಮ್ಮ ಪ್ರಶ್ನೆ ನನ್ನನ್ನು ಬಹಳ ಹೊತ್ತು ಕಾಡಿತು. ಕಾಲ ಮತ್ತು ವೆಚ್ಚ ಸರಿಯಾದರೆ ಪ್ರಾಜೆಕ್ಟ್ ಮುಗಿದಂತೆ ಎಂಬ ಎಣಿಕೆ ಹಳೆಯದು. ಇಂದಿನ ಪದ್ಧತಿಗಳು ಅದರಿಂದ ದೊರೆಯಬೇಕಾದ ಪ್ರಯೋಜನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಕಟ್ಟಡ ಕೈಸೇರಿದ ಮೇಲೆ ಆ ಪ್ರಯೋಜನವನ್ನು ಯಾರು, ಯಾವಾಗ ಅಳೆಯಬೇಕೆಂದು ಮೊದಲೇ ಬರೆದಿಡಲು ಹೇಳುತ್ತವೆ. ನಿಮ್ಮ ಸೀಮೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಶರಾವತಿಯ ನೀರಿನಿಂದ ನಾಡಿಗೆ ವಿದ್ಯುತ್ತೂ ಬಂತು. ಮುಳುಗಡೆಯಾದವರ ಭೂಮಿಯ ಹಕ್ಕಿನ ಪ್ರಶ್ನೆ ಮಾತ್ರ ದಶಕಗಳು ಕಳೆದರೂ ಪೂರ್ಣವಾಗಿ ಇತ್ಯರ್ಥವಾಗಲಿಲ್ಲ. ಹಿನ್ನೀರಿನ ಆಚೆ ಉಳಿದವರು ಲಾಂಚಿಗೆ ಕಾಯುವುದು 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ ನಡೆದೇ ಇತ್ತು. ಪುನರ್ವಸತಿ ಮತ್ತು ದಾರಿ ಅಣೆಕಟ್ಟಿನಷ್ಟೇ ಕಟ್ಟುನಿಟ್ಟಾಗಿ, ಗಡುವು ಮತ್ತು ಹೊಣೆಗಾರರ ಸಮೇತ, ಅದೇ ಪ್ರಾಜೆಕ್ಟಿನ ಭಾಗವಾಗಿ ಇರಬೇಕಿತ್ತು ಎಂದು ನಾನು ನಂಬಿದ್ದೇನೆ.

ಓದುಮನೆಯ ಪ್ರಾಜೆಕ್ಟನ್ನು ಮತ್ತೆ ತೆರೆಯಲು ಈಗಲೂ ಅಡ್ಡಿಯಿಲ್ಲ. ಊರಿನವರನ್ನು ಸೇರಿಸಿ, ಕಟ್ಟಡದ ಫೈಲಿನಲ್ಲಿ ಬರೆಯದೆ ಬಿಟ್ಟ ನಾಲ್ಕು ಮಾತುಗಳನ್ನು ಈಗ ಬರೆಯಿಸಿ: ಸಂಜೆ ಎಷ್ಟು ಗಂಟೆಯಿಂದ ಎಷ್ಟರವರೆಗೆ ತೆರೆದಿರುತ್ತದೆ, ಪತ್ರಿಕೆ ಮತ್ತು ಕರೆಂಟಿನ ಬಿಲ್ಲು ಯಾವ ಹಣದಿಂದ, ಆರು ತಿಂಗಳ ನಂತರ ಹಾಜರಿ ಪುಸ್ತಕವನ್ನು ನೋಡುವವರು ಯಾರು, ಬೀಗದ ಕೈ ಯಾರ ಮನೆಯಲ್ಲಿರುತ್ತದೆ. ಅವರು ಮದುವೆಗೋ ಆಸ್ಪತ್ರೆಗೋ ಹೋದ ದಿನ ಅದು ಯಾರ ಕೈಗೆ ಹೋಗಬೇಕೆಂಬುದನ್ನೂ ಅದರ ಕೆಳಗೇ ಬರೆದಿಡಿ.